ಗಣಿತ ತಗೊಳ್ಳಿ, ಆದರೆ ಜೊತೆಗೆ ಏನು ತಗೊಳ್ತೀರಿ?

ಪಿಯುಸಿ ಫಲಿತಾಂಶ ಬಂದಿರುತ್ತದೆ, ಸಿಇಟಿ ರ್‍ಯಾಂಕ್ ಇನ್ನೂ ಬಂದಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ಕೊಡಗಿನ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: “ಎಂಜಿನಿಯರಿಂಗ್ ಆಗದಿದ್ದರೆ ಬಿಎಸ್ಸಿ ಹೇಗೂ ಇದೆ.” ಹೇಗೂ ಇದೆ ಎಂದುಕೊಂಡೇ ಕೊನೆಯ ವಾರದಲ್ಲಿ ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್ ತೆರೆದು, ಯಾವ ಕಾಂಬಿನೇಷನ್‌ನಲ್ಲಿ ಸೀಟು ಉಳಿದಿದೆಯೋ ಅದನ್ನು ಒತ್ತಿಬಿಡುತ್ತಾರೆ. ಗಣಿತ ಇದೆಯಲ್ಲ, ಸಾಕು ಎಂಬ ಸಮಾಧಾನ. ಮೂರು ವರ್ಷ ಕಳೆದು ನೇಮಕಾತಿ ಅಧಿಸೂಚನೆ ಕೈಗೆ ಬಂದಾಗ ಗೊತ್ತಾಗುತ್ತದೆ, ಅರ್ಹತೆಯ ಕಲಂ ಗಣಿತದ ಪಕ್ಕದಲ್ಲಿ ಏನು ಓದಿದ್ದೀರಿ ಎಂದೂ ಕೇಳುತ್ತದೆ ಅಂತ.

ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿದಿದೆ. ಈಗ ಬಿಎಸ್ಸಿ ಎಂದರೆ ಮೂರು ಮುಖ್ಯ ವಿಷಯ. ಗಣಿತ ಅವುಗಳಲ್ಲಿ ಒಂದು. ಹಾಗಾಗಿ “ಬಿಎಸ್ಸಿ ಗಣಿತ ಮಾಡಿದರೆ ಏನು ಕೆಲಸ?” ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದ ಪಿಸಿಎಂ ಮಾಡಿದವರಿಗೆ ಒಂದು ಉತ್ತರ, ಭೌತಶಾಸ್ತ್ರದ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಪಿಎಂಸಿಎಸ್‌ನವರಿಗೆ ಇನ್ನೊಂದು, ಸಂಖ್ಯಾಶಾಸ್ತ್ರ ಸೇರಿಸಿಕೊಂಡವರಿಗೆ ಮತ್ತೊಂದು.

ಮೊದಲು ಸಂಖ್ಯಾಶಾಸ್ತ್ರದ ವಿಷಯ, ಏಕೆಂದರೆ ನಮ್ಮಲ್ಲಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದು ಅದೇ. ಯುಪಿಎಸ್‌ಸಿ ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆ, ಅಂದರೆ ಐಎಸ್‌ಎಸ್, ಕೇಂದ್ರ ಸರ್ಕಾರದ ಗ್ರೂಪ್ ‘ಎ’ ಹುದ್ದೆ. ವಯಸ್ಸು 21ರಿಂದ 30. ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನಕ್ಕೆ ತಲಾ 100 ಅಂಕ, ಸಂಖ್ಯಾಶಾಸ್ತ್ರದ ನಾಲ್ಕು ಪತ್ರಿಕೆಗಳಿಗೆ ತಲಾ 200, ಸಂದರ್ಶನಕ್ಕೆ 200. ಐಎಎಸ್ ಪರೀಕ್ಷೆಗೆ ಕೂರುವ ಜನಸಾಗರ ಇಲ್ಲಿಲ್ಲ. ಆದರೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಲೇಬೇಕು, ಇಲ್ಲವೇ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಪಿಸಿಎಂ ಪದವೀಧರೆ ಅರ್ಜಿಯನ್ನೇ ಹಾಕುವಂತಿಲ್ಲ. ಗಣಿತದ ಸಿಲಬಸ್ಸಿನಲ್ಲಿ ಎಲ್ಲೋ ಒಂದು ಯೂನಿಟ್ ಸಂಭವನೀಯತೆ ಓದಿದ್ದೇನೆ ಎಂದರೆ ನಡೆಯುವುದಿಲ್ಲ.

ಇದರ ಕೆಳಗಿನ ಮೆಟ್ಟಿಲು ಎಸ್‌ಎಸ್‌ಸಿ ಸಿಜಿಎಲ್ ಎಂಬ ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆಯ ಮೂಲಕ ಸಿಗುವ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆ. ಅಲ್ಲಿ ನಿಯಮ ಸ್ವಲ್ಪ ಸಡಿಲ: ಪದವಿಯಲ್ಲಿ ಸಂಖ್ಯಾಶಾಸ್ತ್ರ ಇರಬೇಕು, ಅಥವಾ ಯಾವುದೇ ಪದವಿಯ ಜೊತೆ ಪಿಯುಸಿ ಮಟ್ಟದ ಗಣಿತದಲ್ಲಿ ಶೇ. 60 ಅಂಕ ಇರಬೇಕು. ಪಿಯುಸಿ ಗಣಿತದಲ್ಲಿ 58 ಬಂದು “ಬಿಎಸ್ಸಿ ಸೀಟಿಗೆ ಸಾಕಲ್ಲ” ಎಂದು ಸುಮ್ಮನಾಗುವವರು ಇದನ್ನು ನೋಡಿಕೊಳ್ಳಬೇಕು. ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿರುವ ಈ ಕಾಲದಲ್ಲಿ ಆ ಎರಡು ಅಂಕವನ್ನು ಹಾಗೇ ಬಿಡುವುದು ತಪ್ಪು.

ಸಂಖ್ಯಾಶಾಸ್ತ್ರದ ಮಾತು ಬಂದಾಗ ಸಿ.ಆರ್. ರಾವ್ ಅವರನ್ನು ನೆನೆಯದೆ ಇರಲಾಗದು. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಅವರು ಹಾಕಿದ ಗಡಿ ಇವತ್ತಿಗೂ ಪ್ರತಿ ಸಂಖ್ಯಾಶಾಸ್ತ್ರ ತರಗತಿಯಲ್ಲಿ ಪಾಠವಾಗುತ್ತದೆ. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಬಂತು. ಅವರ ಮೂಲ ಓದು ಗಣಿತ, ಸಂಖ್ಯಾಶಾಸ್ತ್ರಕ್ಕೆ ಬಂದಿದ್ದು ಆಮೇಲೆ. ಪಿಸಿಎಂ ಓದಿದವರಿಗೂ ಆ ದಾರಿ ಇಂದಿಗೂ ತೆರೆದೇ ಇದೆ: ಎಂಎಸ್ಸಿ ಪ್ರವೇಶಕ್ಕೆ ಐಐಟಿಗಳು ನಡೆಸುವ ಜಾಮ್ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆಯಲ್ಲದೆ ‘ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್’ ಎಂಬ ಪ್ರತ್ಯೇಕ ಪತ್ರಿಕೆಯೂ ಇದೆ.

ಈಗ ಶಿಕ್ಷಕ ವೃತ್ತಿ. ಕೊಡಗಿನಲ್ಲಿ ಗಣಿತ ಓದುತ್ತೇನೆ ಎಂದವರಿಗೆ ಮೊದಲು ಎದುರಾಗುವ ಪ್ರಶ್ನೆ “ಮೇಷ್ಟ್ರಾಗ್ತೀಯಾ?” ಎಂಬುದು. ಆಗಿ. ಒಳ್ಳೆಯ ಕೆಲಸ. ಗಣಿತವನ್ನು ಚೆನ್ನಾಗಿ ಹೇಳಿಕೊಡುವವರು ಹಳ್ಳಿಯ ಶಾಲೆಗಳಿಗೆ ಬೇಕೇ ಬೇಕು. ಆದರೆ ವರ್ಷಗಳ ಲೆಕ್ಕ ಮೊದಲೇ ಹಾಕಿಕೊಳ್ಳಿ. ಪ್ರೌಢಶಾಲೆಗೆ ಬಿಎಸ್ಸಿ 3 ವರ್ಷ, ಬಿಎಡ್ 2 ವರ್ಷ, ಒಟ್ಟು 5. ಪಿಯು ಉಪನ್ಯಾಸಕರಾಗಲು ಎಂಎಸ್ಸಿಯಲ್ಲಿ ಶೇ. 55 ಮತ್ತು ಬಿಎಡ್ ಎರಡೂ ಬೇಕು. ಅಲ್ಲಿಗೆ 7 ವರ್ಷ. ಪದವಿ ಕಾಲೇಜಿಗೆ ಎಂಎಸ್ಸಿ ಜೊತೆ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ. ಅಲ್ಲಿ ಬಿಎಡ್ ಬೇಡ. ಈ ಮೂರನ್ನೂ ಬೆರೆಸಿಕೊಂಡು “ಮೊದಲು ಬಿಎಡ್ ಮುಗಿಸಿಬಿಡೋಣ, ಆಮೇಲೆ ನೋಡೋಣ” ಎಂದು ಹೊರಟವರಿಗೆ ಎರಡು ವರ್ಷ ಗಣಿತದ ಅಭ್ಯಾಸ ತಪ್ಪಿ, ಎಂಎಸ್ಸಿ ಪ್ರವೇಶ ಪರೀಕ್ಷೆಯಲ್ಲಿ ಕೈ ನಡುಗುತ್ತದೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಎಂಎಸ್ಸಿ ಮೊದಲು. ಪ್ರೌಢಶಾಲೆ ಎಂದು ಗಟ್ಟಿಯಾಗಿ ತೀರ್ಮಾನಿಸಿದ್ದರೆ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್ಸಿ ಮತ್ತು ಬಿಎಡ್ ಸೇರಿಸಿದ ನಾಲ್ಕು ವರ್ಷದ ಕೋರ್ಸ್ ಇದೆ, ಒಂದು ವರ್ಷ ಉಳಿಯುತ್ತದೆ. ಪಿಯುಸಿ ಓದುವಾಗಲೇ ಅದರ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಫಲಿತಾಂಶ ಬಂದ ಮೇಲೆ ವಿಚಾರಿಸಿದರೆ ಗಡುವು ಮುಗಿದಿರುತ್ತದೆ.

ಇನ್ನೊಂದು ಸಂಗತಿ. ಪ್ರೌಢಶಾಲೆಯ ಗಣಿತ ಶಿಕ್ಷಕರ ಹುದ್ದೆಗೆ ಇಲಾಖೆಯಲ್ಲಿ ಇರುವ ಹೆಸರೇ ‘ಪಿಸಿಎಂ’. ಗಣಿತದವರು ವಿಜ್ಞಾನವನ್ನೂ ಪಾಠ ಮಾಡಬೇಕಾಗುತ್ತದೆ. ಪದವಿಯಲ್ಲಿ ರಸಾಯನಶಾಸ್ತ್ರ ಬಿಟ್ಟು ಕಂಪ್ಯೂಟರ್ ತೆಗೆದುಕೊಳ್ಳುವವರು, ಹಿಂದಿನ ನೇಮಕಾತಿ ಅಧಿಸೂಚನೆಯಲ್ಲಿ ಯಾವ ವಿಷಯ ಸಂಯೋಜನೆಗಳನ್ನು ಒಪ್ಪಿಕೊಂಡಿದ್ದಾರೆ ಎಂದು ಓದಿ ನೋಡಿಯೇ ಸಹಿ ಹಾಕಬೇಕು. ಶಿಕ್ಷಕ ವೃತ್ತಿಯೇ ಗುರಿಯಾದರೆ ಪಿಸಿಎಂನಷ್ಟು ನಿಶ್ಚಿಂತೆಯ ಆಯ್ಕೆ ಬೇರೆ ಇಲ್ಲ.

ಸೈನ್ಯದ ಕಡೆ ಬರೋಣ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು, ಆ ಕನಸಿಗೆ ವಿವರಣೆ ಬೇಡ. ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಪರೀಕ್ಷೆಯಲ್ಲಿ 100 ಅಂಕದ ಗಣಿತ ಪತ್ರಿಕೆ ಇದೆ, ಆದರೆ ಅದು ಎಸ್‌ಎಸ್‌ಎಲ್‌ಸಿ ಮಟ್ಟದ್ದು, ಬಿಎಸ್ಸಿ ಗಣಿತದಿಂದ ವಿಶೇಷ ಲಾಭವಿಲ್ಲ. ಗಣಿತದ ಓದು ನಿಜಕ್ಕೂ ತೂಗುವುದು ಬೇರೆ ಕಡೆ: ಸೇನೆಯ ಶಿಕ್ಷಣ ದಳ, ನೌಕಾಪಡೆ ಮತ್ತು ವಾಯುಪಡೆಯ ಶಿಕ್ಷಣ ಶಾಖೆ, ವಾಯುಪಡೆಯ ಹವಾಮಾನ ಶಾಖೆ. ಹವಾಮಾನ ಶಾಖೆ ಪದವಿಯಲ್ಲಿ ಗಣಿತದ ಜೊತೆ ಭೌತಶಾಸ್ತ್ರವೂ ಇತ್ತೇ ಎಂದು ಕೇಳುತ್ತದೆ. ಇಲ್ಲೂ ಪಕ್ಕದ ವಿಷಯವೇ ಬಾಗಿಲು ತೆಗೆಯುವುದು.

ಇಷ್ಟೆಲ್ಲ ಅರ್ಹತೆಯ ಮಾತಾಯಿತು. ಗಣಿತ ಓದುವುದು ಎಂದರೆ ಏನು ಎಂಬುದನ್ನು ಹೇಳದಿದ್ದರೆ ಇದೆಲ್ಲ ವ್ಯರ್ಥ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರೂ ಪದವಿಯ ಎರಡನೇ ವರ್ಷದಲ್ಲಿ ಕುಸಿಯುವುದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ಅಲ್ಲಿ ಪ್ರಶ್ನೆಯ ಜಾತಿಯೇ ಬದಲಾಗಿರುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. (3ಎನ್ + 1)/(ಎನ್ + 2) ಎಂಬ ಶ್ರೇಣಿ ಇದೆ. ಎನ್ ದೊಡ್ಡದಾಗುತ್ತಾ ಹೋದಂತೆ ಇದು ಎಲ್ಲಿಗೆ ಹೋಗುತ್ತದೆ? ಪಿಯುಸಿಯಲ್ಲಿ ಮೇಲೆ ಕೆಳಗೆ ಎನ್‌ನಿಂದ ಭಾಗಿಸಿ, 1/ಎನ್ ಸೊನ್ನೆಯಾಗುತ್ತದೆ ಎಂದು ಹೇಳಿ, ಉತ್ತರ 3 ಎಂದು ಬರೆದರೆ ಪೂರ್ಣ ಅಂಕ. ಪದವಿಯಲ್ಲಿ ಅದೇ ಶ್ರೇಣಿ ಬರುತ್ತದೆ, 3 ಎಂಬ ಉತ್ತರವನ್ನೂ ಅವರೇ ಕೊಟ್ಟಿರುತ್ತಾರೆ. ಕೇಳುವುದು ಇಷ್ಟು: 3ರಿಂದ ಇರುವ ದೂರ 0.01ಕ್ಕಿಂತ ಕಡಿಮೆಯಾಗಿ, ಮುಂದೆಂದೂ ಅದಕ್ಕಿಂತ ಹೆಚ್ಚಾಗದಂತೆ, ಎಷ್ಟನೇ ಪದದಿಂದ ಖಾತ್ರಿ ಕೊಡುತ್ತೀರಿ? ಕಳೆದು ನೋಡಿದರೆ ದೂರ 5/(ಎನ್ + 2). ಇದು 0.01ಕ್ಕಿಂತ ಕಡಿಮೆಯಾಗಬೇಕಾದರೆ ಎನ್ + 2 ಎಂಬುದು 500ನ್ನು ಮೀರಬೇಕು. ಅಂದರೆ 499ನೇ ಪದದಿಂದ. 498ರಲ್ಲಿ ದೂರ ಸರಿಯಾಗಿ 0.01, ಅದು ಸಾಲದು. ಈಗ 0.01ರ ಜಾಗದಲ್ಲಿ ಯಾವ ಧನ ಸಂಖ್ಯೆ ಎಪ್ಸಿಲಾನ್ ಕೊಟ್ಟರೂ ಎನ್ ಎಂಬುದು 5/ಎಪ್ಸಿಲಾನ್ − 2 ಅನ್ನು ಮೀರಿದರೆ ಆಯಿತು ಎಂದು ತೋರಿಸಿದಾಗ ಸಾಧನೆ ಮುಗಿಯಿತು.

ಲೆಕ್ಕ ಇಲ್ಲಿ ಕಷ್ಟದ್ದೇನಲ್ಲ, ಏಳನೇ ತರಗತಿಯ ಭಿನ್ನರಾಶಿ. ಕಷ್ಟವಿರುವುದು ವಾಕ್ಯದಲ್ಲಿ. “ಪ್ರತಿ ಎಪ್ಸಿಲಾನ್‌ಗೂ ಒಂದು ಎನ್ ಇದೆ” ಎನ್ನುವುದಕ್ಕೂ “ಒಂದು ಎನ್ ಇದೆ, ಅದು ಪ್ರತಿ ಎಪ್ಸಿಲಾನ್‌ಗೂ ಸಾಕು” ಎನ್ನುವುದಕ್ಕೂ ಅಜಗಜಾಂತರ. ಪ್ರತಿ ಬೀಗಕ್ಕೂ ಒಂದು ಕೀಲಿ ಇದೆ ಎನ್ನುವುದು ಬೇರೆ, ಒಂದೇ ಕೀಲಿ ಎಲ್ಲ ಬೀಗಕ್ಕೂ ಆಗುತ್ತದೆ ಎನ್ನುವುದು ಬೇರೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಪಠ್ಯದಲ್ಲಿ ಈ ಪದಕ್ರಮವನ್ನು ಗಮನಿಸದೆ ಮುಂದೆ ಹೋಗುತ್ತಾರೆ, ಆಮೇಲೆ “ಗಣಿತ ನನಗೆ ಹತ್ತುವುದಿಲ್ಲ” ಎಂದುಕೊಳ್ಳುತ್ತಾರೆ. ವ್ಯಾಖ್ಯೆಯನ್ನು ಮೊದಲು ಕನ್ನಡದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ಬೀಗ ಮೊದಲೋ ಕೀಲಿ ಮೊದಲೋ ಎಂದು ಕೇಳಿಕೊಳ್ಳಿ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ.

ಗ್ರೂಪ್ ಥಿಯರಿಯಲ್ಲೂ ಇಂಥದೇ ಎಡವಟ್ಟು. ಎ ಮತ್ತು ಬಿ ಎಂಬ ಎರಡು ಕ್ರಿಯೆಗಳನ್ನು ಒಂದಾದ ಮೇಲೊಂದು ಮಾಡಿದ್ದನ್ನು ರದ್ದು ಮಾಡಬೇಕಾದರೆ ಮೊದಲು ಬಿ, ಆಮೇಲೆ ಎ ರದ್ದಾಗಬೇಕು. ಪರೀಕ್ಷೆಯಲ್ಲಿ ಅದನ್ನು ತಿರುವುಮುರುವಾಗಿ ಬರೆಯುವವರೇ ಹೆಚ್ಚು, ಏಕೆಂದರೆ ಸಂಖ್ಯೆಗಳ ಗುಣಾಕಾರದಲ್ಲಿ ಕ್ರಮ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ರೂಢಿಯಾಗಿಬಿಟ್ಟಿದೆ. ಕುಪ್ಯ ಎಂಬ ಉದ್ದ ಅಂಗಿ ಹಾಕಿಕೊಂಡು ಅದರ ಮೇಲೆ ಚೇಲೆ ಎಂಬ ನಡುಪಟ್ಟಿ ಕಟ್ಟುವ ಕೊಡವ ಮದುಮಗನನ್ನು ನೆನಪಿಸಿಕೊಳ್ಳಿ. ಬಿಚ್ಚುವಾಗ ಚೇಲೆ ಮೊದಲು, ಕುಪ್ಯ ಆಮೇಲೆ. ಇಷ್ಟು ಸಾಕು, ಆ ಸೂತ್ರ ಜನ್ಮದಲ್ಲಿ ಮರೆಯುವುದಿಲ್ಲ.

ಅಭ್ಯಾಸದ ಕ್ರಮ ಹೀಗಿರಲಿ. ವಾರಕ್ಕೆ ಐದು ಪ್ರಮೇಯ ಸಾಕು. ಒಂದನ್ನು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಸಾಧನೆ ಬರೆಯಿರಿ. ಸಿಕ್ಕಿಬಿದ್ದ ಜಾಗಕ್ಕೆ ಗೆರೆ ಎಳೆದು, ಪುಸ್ತಕ ತೆರೆದು ಆ ಒಂದು ಸಾಲು ಮಾತ್ರ ನೋಡಿ. ಕೊನೆಯಲ್ಲಿ, ಪ್ರಮೇಯ ಹಾಕಿರುವ ಒಂದೊಂದು ಷರತ್ತೂ ಸಾಧನೆಯ ಎಷ್ಟನೇ ಸಾಲಿನಲ್ಲಿ ಬಳಕೆಯಾಯಿತು ಎಂದು ಗುರುತು ಹಾಕಿ. ಷರತ್ತು ತೆಗೆದರೆ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹುಡುಕಿ. ಎರಡು ತುದಿಗಳೂ ಸೇರಿದ ‘ಮುಚ್ಚಿದ’ ಅಂತರದ ಮೇಲೆ ಅವಿಚ್ಛಿನ್ನವಾದ ಫಲನ ಗರಿಷ್ಠ ಬೆಲೆ ಮುಟ್ಟುತ್ತದೆ ಎಂಬ ಪ್ರಮೇಯದಲ್ಲಿ ‘ಮುಚ್ಚಿದ’ ಏಕೆ ಬೇಕು? 0 ಮತ್ತು 1ರ ನಡುವೆ, ತುದಿಗಳನ್ನು ಬಿಟ್ಟು, 1/ಎಕ್ಸ್ ತೆಗೆದುಕೊಂಡು ನೋಡಿ. ಸೊನ್ನೆಯ ಹತ್ತಿರ ಹೋದಷ್ಟೂ ಮೇಲೇರುತ್ತದೆ, ಗರಿಷ್ಠವೇ ಇಲ್ಲ. ಗೈಡ್ ಪುಸ್ತಕದ ಹತ್ತು ಅಂಕದ ಉತ್ತರಗಳನ್ನು ಬಾಯಿಪಾಠ ಮಾಡಿದವರು ಸೆಮಿಸ್ಟರ್ ಪರೀಕ್ಷೆ ಪಾಸಾಗುತ್ತಾರೆ ನಿಜ. ಜಾಮ್ ಪತ್ರಿಕೆ ಮುಂದಿಟ್ಟರೆ ಮೊದಲ ಪುಟದಲ್ಲೇ ನಿಲ್ಲುತ್ತಾರೆ.

ಜಾಮ್ ಗಣಿತ ಪತ್ರಿಕೆಯ ಅಂಗರಚನೆ ಗೊತ್ತಿದ್ದರೆ ಇದು ಏಕೆಂದು ತಿಳಿಯುತ್ತದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಎ ವಿಭಾಗದಲ್ಲಿ 30 ಪ್ರಶ್ನೆಗಳಿಗೆ ಒಂದೇ ಸರಿ ಉತ್ತರ. 10ಕ್ಕೆ ಒಂದೊಂದು ಅಂಕ, 20ಕ್ಕೆ ಎರಡೆರಡು. ತಪ್ಪಾದರೆ ಮೂರನೇ ಒಂದು ಭಾಗ ಕಡಿತ. ಬಿ ವಿಭಾಗದ 10 ಪ್ರಶ್ನೆಗಳಲ್ಲಿ ಸರಿ ಉತ್ತರ ಒಂದೂ ಇರಬಹುದು, ನಾಲ್ಕೂ ಇರಬಹುದು. ಎಲ್ಲವನ್ನೂ ಸರಿಯಾಗಿ ಗುರುತಿಸಿದರೆ ಮಾತ್ರ ಎರಡು ಅಂಕ. ಕಡಿತವಿಲ್ಲ. ಸಿ ವಿಭಾಗದ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇಲ್ಲ, ಸಂಖ್ಯೆಯನ್ನೇ ಟೈಪ್ ಮಾಡಬೇಕು. ಅಲ್ಲೂ ಕಡಿತವಿಲ್ಲ. ಪ್ರಮೇಯದ ಷರತ್ತು ತಿಳಿಯದವರನ್ನು ಹಿಡಿದು ಹಾಕುವುದು ಬಿ ವಿಭಾಗ. ಊಹೆಯ ಮೇಲೆ ಬದುಕುವವರನ್ನು ಹಿಡಿಯುವುದು ಸಿ. ಮನೆಯಲ್ಲಿ ಹಳೆಯ ಪತ್ರಿಕೆ ಬಿಡಿಸುವಾಗ ಸಿ ವಿಭಾಗದಿಂದ ಶುರುಮಾಡುವುದು ಒಳ್ಳೆಯದು. ಕಡಿತದ ಭಯವಿಲ್ಲದ 30 ಅಂಕ ಅಲ್ಲಿವೆ.

ಕೊಡಗಿನವರಿಗೆ ಜಾಮ್ ಕ್ಯಾಲೆಂಡರ್ ನೆನಪಿಡುವುದು ಸುಲಭ. ಕೈಲ್‌ಪೊಳ್ದ್ ಹೊತ್ತಿಗೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಅರ್ಜಿ ತೆರೆಯುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುವ ಅಕ್ಟೋಬರ್ ನಡುವಿಗೆ ಮುಚ್ಚುತ್ತದೆ. ಪರೀಕ್ಷೆ ಫೆಬ್ರವರಿಯಲ್ಲಿ. ತೊಂದರೆ ಇಲ್ಲೇ ಇದೆ: ಹುತ್ತರಿ ಮುಗಿದ ಮೇಲೆ ಫೆಬ್ರವರಿವರೆಗೂ ಕಾಫಿ ಕುಯ್ಲು. ತೋಟವಿರುವ ಮನೆಯ ಮಕ್ಕಳಾಗಲಿ, ತೋಟದಲ್ಲಿ ದುಡಿಯುವ ಮನೆಯ ಮಕ್ಕಳಾಗಲಿ ಆ ಎರಡು ತಿಂಗಳು ಮನೆಕೆಲಸದಿಂದ ತಪ್ಪಿಸಿಕೊಳ್ಳಲಾಗದು. ಹಾಗಾಗಿ ಹೊಸ ಪಾಠಗಳನ್ನು ಹುತ್ತರಿಯೊಳಗೆ ಮುಗಿಸಿ, ಕುಯ್ಲಿನ ತಿಂಗಳುಗಳಿಗೆ ಹಳೆಯ ಪತ್ರಿಕೆಗಳನ್ನು ಮಾತ್ರ ಇಟ್ಟುಕೊಳ್ಳಿ. ದಿನಕ್ಕೆ ಒಂದೂವರೆ ಗಂಟೆ, ಅರ್ಧ ಪತ್ರಿಕೆ. ಇನ್ನು ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಮತ್ತು ನೆಟ್‌ವರ್ಕ್ ನಂಬುವಂತಿಲ್ಲ. ಎನ್‌ಪಿಟೆಲ್ ಎಂಬ ಐಐಟಿಗಳ ವಿಡಿಯೊ ಪಾಠಗಳು ಉಚಿತ, ಅವನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಂಡರೆ ಮಳೆ ರಜೆಗಳು ವ್ಯರ್ಥವಾಗುವುದಿಲ್ಲ. ಪರೀಕ್ಷೆಗೆ ಮೈಸೂರು ಕೇಂದ್ರ ಸಿಕ್ಕರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ., ರೈಲು ಇಲ್ಲ. ಹಿಂದಿನ ದಿನವೇ ಹೋಗಿ ಉಳಿಯಿರಿ.

ಬೇಸಿಗೆ ರಜೆಗೆ ಒಂದು ಸಲಹೆ. ಎಸ್. ಕುಮರೇಶನ್ ಅವರು 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಎಂಬ ನಾಲ್ಕು ವಾರದ ಶಿಬಿರ ಗಣಿತದ ಬಿಎಸ್ಸಿ, ಎಂಎಸ್ಸಿ ವಿದ್ಯಾರ್ಥಿಗಳಿಗಾಗಿಯೇ ಇರುವುದು. ಊಟ, ವಸತಿ ಅವರದೇ. ಅಲ್ಲಿ ಪಾಠ ನಡೆಯುವುದು ಪ್ರಶ್ನೆಗಳ ಮೂಲಕ, ವಿದ್ಯಾರ್ಥಿಯೇ ಎದ್ದು ಬೋರ್ಡಿನ ಮೇಲೆ ಸಾಧನೆ ಕಟ್ಟಬೇಕು. ಕೋಚಿಂಗ್‌ಗೆ ದುಡ್ಡು ಸುರಿಯುವ ಮೊದಲು ಇದಕ್ಕೆ ಅರ್ಜಿ ಹಾಕಿ.

ಪಿಯುಸಿ ಹಂತದಲ್ಲೇ ಗಣಿತದ ಹುಚ್ಚು ಹಿಡಿದವರು ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಿ.ಮ್ಯಾಥ್ ಮತ್ತು ಚೆನ್ನೈ ಗಣಿತ ಸಂಸ್ಥೆಯ ಬಿಎಸ್ಸಿ ಪ್ರವೇಶ ಪರೀಕ್ಷೆಗಳನ್ನು ಖಂಡಿತ ಬರೆಯಬೇಕು. ಮೈಸೂರು ರಸ್ತೆಯಲ್ಲಿರುವ ಮೊದಲನೆಯದರಲ್ಲಿ ಬೋಧನಾ ಶುಲ್ಕವಿಲ್ಲ, ತಿಂಗಳು ತಿಂಗಳು ವಿದ್ಯಾರ್ಥಿವೇತನ ಬೇರೆ. ನೀಟ್, ಜೆಇಇ, ಸಿಇಟಿ ಮೂರನ್ನು ಬಿಟ್ಟು ನಾಲ್ಕನೇ ಪರೀಕ್ಷೆಯ ಹೆಸರೇ ನಮ್ಮ ಪಿಯು ತರಗತಿಗಳಲ್ಲಿ ಕೇಳಿಬರುವುದಿಲ್ಲ ಎಂಬುದು ನೋವಿನ ಸಂಗತಿ.

ಈಗ ವಿಮೆ ಮತ್ತು ದತ್ತಾಂಶದ ಕೆಲಸಗಳು. ಆಕ್ಚುವರಿ ಎಂದರೆ ಅಪಾಯಕ್ಕೆ ಬೆಲೆ ಕಟ್ಟುವವರು. ಅವರ ಕೆಲಸ ಏನೆಂದು ತಿಳಿಯಲು ಮುಂಬೈಗೆ ಹೋಗಬೇಕಿಲ್ಲ, ತೋಟದ ಮನೆಯ ಮಳೆ ರಿಜಿಸ್ಟರ್ ತೆರೆದರೆ ಸಾಕು. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನವೂ ಬರೆದಿಟ್ಟ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಇವೆ. ಒಂದು ಇಂಚು ಮಳೆ ಎಂದರೆ ಎಕರೆಗೆ ಸುಮಾರು 1,02,800 ಲೀಟರ್ ನೀರು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಸರಿಯಾದ ವಾರದಲ್ಲಿ ಬಿದ್ದರೆ ಫಸಲು, ತಪ್ಪಿದರೆ ಸ್ಪ್ರಿಂಕ್ಲರ್ ಖರ್ಚು.

ಒಂದು ರಿಜಿಸ್ಟರಿನಲ್ಲಿ 30 ವರ್ಷದ ದಾಖಲೆ ಇದೆ, ಅದರಲ್ಲಿ 6 ವರ್ಷ ಹೂಮಳೆ ಕೈಕೊಟ್ಟಿದೆ ಎಂದು ಇಟ್ಟುಕೊಳ್ಳೋಣ. ಮಳೆ ತಪ್ಪಿದ ವರ್ಷ ಎಕರೆಗೆ ₹10,000 ಪರಿಹಾರ ಕೊಡುವ ವಿಮೆಗೆ ಕಂತು ಎಷ್ಟು? 30ರಲ್ಲಿ 6 ಎಂದರೆ 0.2, ಹಾಗಾಗಿ ₹2,000. ಇಲ್ಲಿಗೆ ನಿಲ್ಲಿಸುವವರು ಪಿಯುಸಿ ವಿದ್ಯಾರ್ಥಿ. ಆಕ್ಚುವರಿ ಮುಂದೆ ಕೇಳುತ್ತಾರೆ: ಈ 0.2ನ್ನು ಎಷ್ಟು ನಂಬಬಹುದು? 0.2ನ್ನು 0.8ರಿಂದ ಗುಣಿಸಿ, 30ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.073. ಎರಡೂ ಕಡೆ ಅದರ ಎರಡು ಪಟ್ಟು ಹಿಡಿದರೆ ನಿಜವಾದ ಸಂಭವನೀಯತೆ 0.054ರಿಂದ 0.346ರ ನಡುವೆ ಎಲ್ಲಾದರೂ ಇರಬಹುದು. ಅಂದರೆ ಸರಿಯಾದ ಕಂತು ₹540 ಇರಬಹುದು, ₹3,460 ಕೂಡ ಇರಬಹುದು. ಮೂವತ್ತು ವರ್ಷದ ದಾಖಲೆ ಬಹಳ ಎಂದುಕೊಂಡಿದ್ದೆವಲ್ಲ, ಅದು ಇಷ್ಟೇ ಹೇಳಬಲ್ಲದು. ಅದರ ಮೇಲೆ, ಎಲ್ಲ ವರ್ಷಗಳೂ ಒಂದೇ ಬಗೆಯವು, ಒಂದಕ್ಕೊಂದು ಸಂಬಂಧವಿಲ್ಲದವು ಎಂಬ ಊಹೆ ಈ ಲೆಕ್ಕದ ಒಳಗೆ ಕೂತಿದೆ. ಮಳೆಯ ರೀತಿಯೇ ಬದಲಾಗುತ್ತಿದ್ದರೆ ಅಜ್ಜನ ಕಾಲದ ವರ್ಷಗಳಿಗೆ ಇವತ್ತಿನ ವರ್ಷಗಳಷ್ಟೇ ತೂಕ ಕೊಡುವುದು ಸರಿಯೇ? ವಿಮೆಯ ಗಣಿತ ನಿಜವಾಗಿ ಶುರುವಾಗುವುದು ಈ ಪ್ರಶ್ನೆಯಿಂದ.

ಈ ವೃತ್ತಿಗೆ ಮೊದಲ ಬಾಗಿಲು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ನಡೆಸುವ ಎಸೆಟ್: ಮೂರು ಗಂಟೆ, 70 ಪ್ರಶ್ನೆ, 100 ಅಂಕ. ಪಿಯುಸಿ ಮುಗಿಸಿದವರೇ ಬರೆಯಬಹುದು. ಆಮೇಲೆ ಸಿಎಸ್1, ಸಿಎಂ1 ಎಂದು ಒಂದೊಂದಾಗಿ ಹತ್ತಕ್ಕೂ ಹೆಚ್ಚು ಪತ್ರಿಕೆಗಳು. ಸಂಖ್ಯಾಶಾಸ್ತ್ರದ ಪತ್ರಿಕೆಗಳಿಗೆ ಕಂಪ್ಯೂಟರ್ ಮುಂದೆ ಕೂತು ‘ಆರ್’ ಭಾಷೆಯಲ್ಲಿ ಬಿಡಿಸುವ ಭಾಗವೂ ಇದೆ. ಒಂದೊಂದು ಪತ್ರಿಕೆಗೂ ಶುಲ್ಕ ಕಟ್ಟಬೇಕು, ಮೊದಲ ಪ್ರಯತ್ನದಲ್ಲೇ ಪಾಸಾಗದವರು ಬಹಳ. ಪದವಿಯ ಮೂರು ವರ್ಷದಲ್ಲಿ ಎಸೆಟ್ ಜೊತೆ ಒಂದೆರಡು ಪತ್ರಿಕೆ ಮುಗಿಸಿ, ಕೆಲಸಕ್ಕೆ ಸೇರಿ, ಉಳಿದದ್ದನ್ನು ಮುಂದುವರಿಸುವುದೇ ವಾಡಿಕೆ. ಮನೆಯ ಖರ್ಚಿಗೆ ತಕ್ಷಣ ದುಡಿಯಬೇಕಾದವರು ಇದೊಂದನ್ನೇ ನಂಬಿ ಕೂರಬಾರದು.

ಡೇಟಾ ಸೈನ್ಸ್ ಎಂಬ ಹೆಸರಿಗೆ ಮರುಳಾಗಿ ಗಣಿತ ತೆಗೆದುಕೊಳ್ಳುವವರೂ ಇದ್ದಾರೆ. ತೆಗೆದುಕೊಳ್ಳಲಿ, ಆದರೆ ಬಿಎಸ್ಸಿ ಗಣಿತ ಒಂದೇ ಆ ಕೆಲಸ ಕೊಡಿಸುವುದಿಲ್ಲ. ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ ಕಾಲೇಜಿನಿಂದ ಬರುತ್ತವೆ. ಪೈಥಾನ್ ಮತ್ತು ಎಸ್‌ಕ್ಯೂಎಲ್ ನೀವೇ ಕಲಿಯಬೇಕು. ಪಿಎಂಸಿಎಸ್ ಮಾಡಿದವರಿಗೆ ಎಂಸಿಎ ಎರಡೇ ವರ್ಷ, ಕೆಇಎ ನಡೆಸುವ ಪಿಜಿಸಿಇಟಿ ಬರೆದರೆ ಆಯಿತು. ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್ ಕೋರ್ಸನ್ನು ಬಿಎಸ್ಸಿ ಜೊತೆಜೊತೆಗೇ ಮಾಡಬಹುದು, ನಾಲ್ಕು ವಾರದ ಅರ್ಹತಾ ಹಂತ ದಾಟಬೇಕು ಅಷ್ಟೇ. ಎರಡು ಪದವಿ ಒಟ್ಟಿಗೆ ಓದಲು 2022ರಿಂದ ಯುಜಿಸಿಯ ಅಡ್ಡಿ ಇಲ್ಲ. ಆದರೆ ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವವರು ಎರಡೂ ಪದವಿಯನ್ನು ಅರ್ಧಂಬರ್ಧ ಮಾಡಿಕೊಳ್ಳುವ ಅಪಾಯವಿದೆ. ಅಂಥವರು ಎರಡನೇ ವರ್ಷದ ರಿಯಲ್ ಅನಾಲಿಸಿಸ್ ದಾಟಿದ ಮೇಲೆ ಇದನ್ನು ಯೋಚಿಸಲಿ.

ಸಂದರ್ಶನದಲ್ಲಿ ತೋರಿಸಲು ಪ್ರಾಜೆಕ್ಟ್ ಬೇಕೆಂದರೆ ಎಲ್ಲರೂ ಇಳಿಸಿಕೊಳ್ಳುವ ಅದೇ ಹಳೆಯ ದತ್ತಾಂಶ ಬೇಡ. ಅದೇ ಮಳೆ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿ. ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಕೆಲಸದ ಮುಕ್ಕಾಲು ಪಾಲು ತಪ್ಪು ತಿದ್ದುವುದು ಅಂತ. ಖಾಲಿ ಬಿಟ್ಟ ದಿನ ಸೊನ್ನೆ ಅಲ್ಲ, ಅಂದು ಯಾರೂ ಅಳೆದಿಲ್ಲ ಅಷ್ಟೇ. ಮರುದಿನದ ಅಂಕಿಯಲ್ಲಿ ಎರಡು ದಿನದ ಮಳೆ ಸೇರಿರುತ್ತದೆ. ಬೆಳಗ್ಗೆ ಅಳೆದ ನೀರು ಬಹುಪಾಲು ಹಿಂದಿನ ದಿನದ್ದು. ಹವಾಮಾನ ಇಲಾಖೆಯ ಅಳತೆ ಬೆಳಗ್ಗೆ 8.30ಕ್ಕೆ, ನಿಮ್ಮ ಮನೆಯದು ಎಷ್ಟು ಗಂಟೆಗೋ. ನಡುವೆ ಯಾರೋ ಹೊಸ ಅಳತೆಪಾತ್ರೆ ತಂದು ಮಿಲಿಮೀಟರಿನಲ್ಲಿ ಬರೆಯಲು ಶುರುಮಾಡಿದ್ದರೆ 25.4ರಿಂದ ಭಾಗಿಸದೆ ಗ್ರಾಫ್ ಎಳೆದ ತಕ್ಷಣ ಕೊಡಗು ಮುಳುಗಿಹೋದಂತೆ ಕಾಣುತ್ತದೆ. ಇವನ್ನೆಲ್ಲ ಹೇಗೆ ಹಿಡಿದಿರಿ, ಹೇಗೆ ಸರಿಪಡಿಸಿದಿರಿ ಎಂದು ಎರಡು ಪುಟ ಬರೆದಿಟ್ಟರೆ, ಸಂದರ್ಶಕರು ಅದರ ಬಗ್ಗೆಯೇ ಅರ್ಧ ಗಂಟೆ ಮಾತಾಡುತ್ತಾರೆ.

ಸಂಶೋಧನೆಯ ಹಾದಿ ಹಿಡಿಯುವವರಿಗೆ ಒಂದೇ ಮಾತು. ಮೈಸೂರು ವಿವಿಯ ಮಾನಸಗಂಗೋತ್ರಿಯಲ್ಲಾಗಲಿ ಮಂಗಳೂರು ವಿವಿಯ ಕೊಣಾಜೆಯಲ್ಲಾಗಲಿ ಎಂಎಸ್ಸಿ ಮಾಡುವಾಗಲೇ ಸಿಎಸ್‌ಐಆರ್ ನೆಟ್‌ನ ಗಣಿತ ಪತ್ರಿಕೆಯನ್ನು ಗುರಿಯಾಗಿಟ್ಟುಕೊಳ್ಳಿ. ಅದರ ಸಿ ಭಾಗದಲ್ಲಿ 60 ಪ್ರಶ್ನೆಗಳಲ್ಲಿ 20ಕ್ಕೆ ಉತ್ತರಿಸಬೇಕು, ಒಂದೊಂದಕ್ಕೂ 4.75 ಅಂಕ, ಕಡಿತವಿಲ್ಲ. ಒಂದಕ್ಕಿಂತ ಹೆಚ್ಚು ಉತ್ತರ ಸರಿಯಿದ್ದಾಗ ಎಲ್ಲವನ್ನೂ ಗುರುತಿಸಬೇಕು. 200ರಲ್ಲಿ 95 ಅಂಕ ಈ ಒಂದು ಭಾಗದಲ್ಲೇ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ ₹37,000.

ಕಾಮರ್ಸ್ ವಿಭಾಗದ ‘ಬೇಸಿಕ್ ಮ್ಯಾಥ್ಸ್’ ಓದಿದವರೂ ಬಿಎಸ್ಸಿ ಗಣಿತಕ್ಕೆ ಬರಬಹುದೇ ಎಂದು ಕೇಳುತ್ತಾರೆ. ಅದು ಬೇರೆ ವಿಷಯ, ವಿಜ್ಞಾನ ವಿಭಾಗದ ಗಣಿತ ಬೇರೆ. ಬಿಎಸ್ಸಿಗೆ ಬುನಾದಿ ಎರಡನೆಯದು. ಮಾಹಿತಿಗಾಗಿ ಕಾಲೇಜಿನ ಕಚೇರಿಯಲ್ಲೇ ಕೇಳಿ, ಪಕ್ಕದ ಮನೆಯವರನ್ನಲ್ಲ.

ಕಾಲೇಜಿಗೆ ಹೋದಾಗ ಇನ್ನೂ ಕೆಲವನ್ನು ಕೇಳಿಕೊಂಡು ಬನ್ನಿ. ಸಂಖ್ಯಾಶಾಸ್ತ್ರ ಇಲ್ಲಿದೆಯೇ, ಇಲ್ಲದಿದ್ದರೆ ಮೈಸೂರು ಅಥವಾ ಮಂಗಳೂರಿನ ಹಾಸ್ಟೆಲ್ ಖರ್ಚು ಭರಿಸಲು ಮನೆಯವರು ಸಿದ್ಧರೇ ಎಂದು ಅಂದೇ ಮಾತಾಡಿ. ಗಣಿತಕ್ಕೆ ಕಾಯಂ ಉಪನ್ಯಾಸಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು? ಕಳೆದ ವರ್ಷ ಅತಿಥಿಗಳ ನೇಮಕ ಯಾವ ತಿಂಗಳಲ್ಲಿ ಆಯಿತು? ತಡವಾಗಿ ಆಗಿದ್ದರೆ ಸೆಮಿಸ್ಟರಿನ ಮೊದಲ ಎರಡು ಯೂನಿಟ್ ಓಡಿಸಿ ಮುಗಿಸಿರುತ್ತಾರೆ. ಗಣಿತದ ಪ್ರಾಯೋಗಿಕ ತರಗತಿಯಲ್ಲಿ ಸೈಲ್ಯಾಬ್, ಮ್ಯಾಕ್ಸಿಮಾ ಅಥವಾ ಪೈಥಾನ್ ನಿಜಕ್ಕೂ ಕಂಪ್ಯೂಟರಿನಲ್ಲಿ ಓಡಿಸುತ್ತಾರೋ, ರೆಕಾರ್ಡ್ ಪುಸ್ತಕದಲ್ಲಿ ನಕಲು ಮಾಡಿಸುತ್ತಾರೋ ಎಂಬುದನ್ನು ಎರಡನೇ ವರ್ಷದ ವಿದ್ಯಾರ್ಥಿಗಳು ನೇರವಾಗಿ ಹೇಳುತ್ತಾರೆ. ಸಂಜೆಯ ಲ್ಯಾಬ್ ಎಷ್ಟು ಗಂಟೆಗೆ ಬಿಡುತ್ತದೆ ಎಂದೂ ವಿಚಾರಿಸಿ. ನಾಪೋಕ್ಲು, ಭಾಗಮಂಡಲ ಕಡೆಗೆ ಹೋಗುವವರು ಕೊನೆಯ ಬಸ್ಸಿನ ಸಮಯವನ್ನು ಅದರ ಪಕ್ಕದಲ್ಲೇ ಬರೆದುಕೊಳ್ಳಲಿ.